ಅಡಿಕೆ ಮಂಡಿಯ ಲೆಕ್ಕ ಇಆರ್‌ಪಿನೆಕ್ಸ್ಟ್‌ಗೆ: ನಾಲ್ಕನೆಯ ತಿಂಗಳ ಟಿಪ್ಪಣಿ

ಶಿವಮೊಗ್ಗದ ಕೃಷಿ ಮಾರುಕಟ್ಟೆಯಲ್ಲಿ ನನ್ನ ಭಾವ ನಡೆಸುವ ಅಡಿಕೆ ಮಂಡಿಯ ವ್ಯವಹಾರವನ್ನು, ಖರೀದಿ-ಮಾರಾಟ-ಲೆಕ್ಕಗಳನ್ನೆಲ್ಲ ಒಂದೆಡೆ ನಡೆಸುವ ಇಆರ್‌ಪಿನೆಕ್ಸ್ಟ್ ತಂತ್ರಾಂಶಕ್ಕೆ ತರುವ ಕೆಲಸ ಹಿಡಿದು ನಾಲ್ಕು ತಿಂಗಳಾಯಿತು. ಮುಂಬೈಯ ಫ್ರಾಪೆ ಸಂಸ್ಥೆಯ ಈ ತಂತ್ರಾಂಶ ಮುಕ್ತ ಆಕರದ್ದು, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಮರಿಯಾಡಿಬಿ ಎಂಬ ದತ್ತಸಂಚಯ ಬಲ್ಲವರು ಅದರ ಒಳಗೆ ಕೈಹಾಕಬಹುದು ಎಂಬ ಕಾರಣಕ್ಕೇ ಅದನ್ನು ಆರಿಸಿಕೊಂಡೆ. ಭಾನುವಾರಗಳಲ್ಲಿ ಮಾತ್ರ ಕೂರುವುದರಿಂದ ಕೆಲಸ ನಿಧಾನ. ಕಳೆದ ಸಲ ಸರ್ವರ್ ಸಿದ್ಧವಾದ ಸಂಗತಿಯನ್ನಷ್ಟೇ ಬರೆದಿದ್ದೆ. ಈ ಸಲದ್ದು ಬಹುಮಟ್ಟಿಗೆ ಹೆಸರುಗಳ ಕಥೆ.

ಅದಕ್ಕೂ ಮೊದಲು ವರ್ಕ್‌ಫ್ಲೋ, ಅಂದರೆ ಕೆಲಸ ಹಂತ ಹಂತವಾಗಿ ಸಾಗುವ ಕ್ರಮದ ವಿಷಯ. ರೈತರು ಚೀಲ ಇಳಿಸಿದ ಕೂಡಲೇ ತೂಕದ ಚೀಟಿ ಆಗುತ್ತದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬಗೆ ನಮೂದಾಗುತ್ತದೆ. ಟೆಂಡರ್‌ನಲ್ಲಿ ಕ್ವಿಂಟಲ್‌ಗೆ ಇಷ್ಟೆಂದು ದರ ಬಂದು, ರೈತರು ಒಪ್ಪಿದ ಮೇಲೆ ಹಮಾಲಿ ಮತ್ತು ಮುಂಗಡ ಕಳೆದು ಹಣ ಪಾವತಿಯಾಗುತ್ತದೆ. ಯಾವ ಹಂತದಲ್ಲಿ ಯಾರು ಯಾವ ಗುಂಡಿ ಒತ್ತಬಹುದು ಎಂಬುದನ್ನು ಇಆರ್‌ಪಿನೆಕ್ಸ್ಟ್‌ನಲ್ಲಿ ಒಂದು ಸಾಲು ಕೋಡ್ ಬರೆಯದೆ ಗೊತ್ತುಮಾಡಬಹುದು. ಆದರೆ ಅದರ ಪ್ರತಿ ದಾಖಲೆಗೂ ಒಳಗೊಂದು ಸ್ಥಿತಿಯ ಅಂಕಿ ಇರುತ್ತದೆ: ಕರಡಿಗೆ 0, ಸಲ್ಲಿಕೆಯಾದದ್ದಕ್ಕೆ 1, ರದ್ದಾದದ್ದಕ್ಕೆ 2. ಸಲ್ಲಿಸಿದ ದಾಖಲೆಯನ್ನು ತಿದ್ದಲು ಬಾರದು. ರದ್ದುಮಾಡಿ ತಿದ್ದುಪಡಿ ಪ್ರತಿ ತೆಗೆಯಬೇಕು. ತೂಕದಲ್ಲಿ ಆಮೇಲೆ ಯಾರೂ ಕೈಯಾಡಿಸಬಾರದೆಂದು ನಾನು ತೂಕದ ಹಂತದಲ್ಲೇ ಸಲ್ಲಿಕೆ ಇಟ್ಟಿದ್ದೆ. ದರ ಬಂದಾಗ ಅದನ್ನು ತುಂಬಲಾಗದೆ ಪ್ರತಿ ಚೀಟಿಯನ್ನೂ ರದ್ದುಮಾಡಬೇಕಾಯಿತು, ಹೊಸ ಚೀಟಿಯ ಸಂಖ್ಯೆಯ ಕೊನೆಗೆ ‘-1’ ಅಂಟಿಕೊಂಡಿತು. ಮಂಡಿಯ ಗುಮಾಸ್ತರು ಎರಡನ್ನೂ ಮುಂದಿಟ್ಟು, “ಒಂದೇ ಲಾಟಿಗೆ ಎರಡು ಚೀಟಿ ಯಾಕ್ರೀ?” ಎಂದರು. ಉತ್ತರವಿರಲಿಲ್ಲ. ಈಗ ದರಕ್ಕೆ ಒಪ್ಪಿಗೆ ಸಿಗುವವರೆಗೆ ಚೀಟಿ ಕರಡಾಗಿಯೇ ಇರುತ್ತದೆ; ತೂಕದ ಅಂಕಣವನ್ನು ಮಾತ್ರ ಕಾಟಾದ ಬಳಿ ಕೂರುವವರ ಹೊರತು ಬೇರೆಯವರು ಮುಟ್ಟದಂತೆ ಅನುಮತಿಯ ಮಟ್ಟ ಬದಲಿಸಿದ್ದೇನೆ.

ಇನ್ನು ಹೆಸರುಗಳು. ರೈತರ ಪಟ್ಟಿ ಮೂರು ಕಡೆ ಇತ್ತು: ಮಂಡಿಯ ಹಳೆಯ ಲೆಕ್ಕದ ತಂತ್ರಾಂಶವಾದ ಟ್ಯಾಲಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, ಹಳೆಯ ಎಕ್ಸೆಲ್ ಕಡತದಲ್ಲಿ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಸಾಮಾನ್ಯ ಪದ್ಧತಿ) ಅಲ್ಲದ ನುಡಿ ಫಾಂಟಿನಲ್ಲಿ, ಗುಮಾಸ್ತರ ಮೊಬೈಲಿನಲ್ಲಿ ಯೂನಿಕೋಡ್ ಕನ್ನಡದಲ್ಲಿ. ಹಳೆಯ ಫಾಂಟಿನ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಲ್ಯಾಟಿನ್ ಸಂಕೇತಗಳ ಗೋಜಲು. ಅದರಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ವ್ಯಂಜನದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಾದರೆ ರಕಾರ ಮೊದಲು ಬರಬೇಕು. ಆದ್ದರಿಂದ ‘ಧರ್ಮಪ್ಪ’ ಎಂಬಂಥ ಹೆಸರುಗಳಲ್ಲಿ ಸಂಕೇತ ಬದಲಿಸಿದರಷ್ಟೇ ಸಾಲದು, ಅಕ್ಷರದ ಸ್ಥಾನವನ್ನೂ ಹಿಂದಕ್ಕೆ ತರಬೇಕು. ಇದನ್ನು ಒಂದು ಭಾನುವಾರದಲ್ಲಿ ಮುಗಿಸಿ ಗೆದ್ದೆನೆಂದುಕೊಂಡೆ.

ಪಟ್ಟಿಗಳನ್ನು ಒಟ್ಟುಗೂಡಿಸಿ ಏರಿಸಿದ ಮರುವಾರ, ಗೋಪಾಲಪ್ಪ ಎಂಬ ಹೆಸರಿನವರ ಲೆಕ್ಕದ ಚೀಟಿಯಲ್ಲಿ ಮುಂಗಡ ಕಳೆದೇ ಇರಲಿಲ್ಲ. ಗುಮಾಸ್ತರಿಗೆ ನೆನಪಿದ್ದುದರಿಂದ ಹಣ ಹೋಗುವುದು ತಪ್ಪಿತು. ತೆರೆದು ನೋಡಿದರೆ ಅದೇ ಹೆಸರಿನ, ಅದೇ ಊರಿನ ಎರಡು ದಾಖಲೆಗಳಿದ್ದವು. ಮುಂಗಡ ಒಂದರಲ್ಲಿ, ಅಡಿಕೆ ಇನ್ನೊಂದರಲ್ಲಿ. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ‘ಗೋ’ ಎಂಬುದನ್ನು ಯೂನಿಕೋಡ್‌ನಲ್ಲಿ ಗಕಾರದ ಮುಂದೆ ಓಕಾರದ ಒಂದೇ ಸಂಕೇತ ಇಟ್ಟು ಬರೆಯಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರನ್ನು ಸಾಲಾಗಿ ಇಟ್ಟೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ನಿಯಮವೇ ಹೇಳುತ್ತದೆ, ಆದರೆ ಸಂಕೇತಗಳನ್ನು ನೇರವಾಗಿ ಹೋಲಿಸುತ್ತಿದ್ದ ನನ್ನ ಸ್ಕ್ರಿಪ್ಟಿಗೆ ಅವು ಬೇರೆ ಬೇರೆ ಮನುಷ್ಯರು. ಬಿಡಿ ಚಿಹ್ನೆಗಳನ್ನು ಹೊರಗೆಡವಿದ್ದು ಹಳೆಯ ಫಾಂಟಿನ ಕಡತವನ್ನು ಯೂನಿಕೋಡ್‌ಗೆ ತರಲು ನಾನೇ ಬರೆದ ಪರಿವರ್ತಕ. ಹೋಲಿಸುವ ಮೊದಲು ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಚಿಹ್ನೆಗಳನ್ನು ಕೂಡಿಸಿದ ಒಂದೇ ಬಗೆಯ ಬರಹಕ್ಕೆ, ತರುವ ಒಂದು ಸಾಲನ್ನು ಪೈಥಾನ್‌ನಲ್ಲಿ ಸೇರಿಸಿದ ಮೇಲೆ ಅದು ಸರಿಹೋಯಿತು. ‘ರಾಜ್‌ಕುಮಾರ’ದಂಥ ಹೆಸರುಗಳ ನಡುವೆ ಅಡಗಿದ್ದು, ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಅಗಲವಿಲ್ಲದ ಅಕ್ಷರ ಇದರಿಂದ ಹೋಗುವುದಿಲ್ಲ, ತೆಗೆದುಹಾಕಿದರೆ ಹೆಸರು ‘ರಾಜ್ಕುಮಾರ’ ಆಗಿಬಿಡುತ್ತದೆ. ಹೋಲಿಕೆಯ ಪ್ರತಿಯಲ್ಲಿ ಮಾತ್ರ ಅದನ್ನು ತೆಗೆದು, ಮೂಲವನ್ನು ಹಾಗೆಯೇ ಉಳಿಸಿದ್ದೇನೆ.

ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ನಿಜವಾಗಿಯೂ ಇರುವಾಗ ಯಾವ ಸ್ಕ್ರಿಪ್ಟೂ ನೆರವಿಗೆ ಬಾರದು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡೋಣವೆಂದರೆ ಭಾವ, “ನಂಬರ್ ಹಿಡಿದು ಕರೆಯೋಕೆ ಇದೇನು ರೇಷನ್ ಅಂಗಡಿಯೇನಯ್ಯ?” ಎಂದು ರೇಗಿದರು. ಅವರ ಮಾತಿನಲ್ಲಿ ನ್ಯಾಯವಿದೆ. ಕೊನೆಗೆ ಚೀಟಿಯ ಮೇಲೆ ಹೆಸರು, ತಂದೆಯ ಹೆಸರು, ಊರು ದೊಡ್ಡದಾಗಿ ಅಚ್ಚಾಗಿ, ಸಂಖ್ಯೆ ಮೂಲೆಯಲ್ಲಿ ಸಣ್ಣದಾಗಿ ಬರುವಂತೆ ಮಾಡಿದೆ. ಕಂಪ್ಯೂಟರಿಗೆ ಅಷ್ಟೇ ಸಾಕು.

ಟ್ಯಾಲಿಯನ್ನು ಬಿಡುವ ಪ್ರಶ್ನೆಯೇ ಇಲ್ಲ, ಲೆಕ್ಕಪರಿಶೋಧಕರಿಗೆ ಅದೇ ಬೇಕು. ಅದು 9000 ಸಂಖ್ಯೆಯ ಪೋರ್ಟಿನಲ್ಲಿ (ಬೇರೆ ತಂತ್ರಾಂಶಗಳು ಮಾಹಿತಿ ಕಳಿಸುವ ಬಾಗಿಲು) ಎಕ್ಸ್‌ಎಂಎಲ್ ಎಂಬ ಪಠ್ಯ ರೂಪದ ವೋಚರ್‌ಗಳನ್ನು, ಅಂದರೆ ವ್ಯವಹಾರದ ನಮೂದುಗಳನ್ನು, ಸ್ವೀಕರಿಸಿ, ಎಷ್ಟು ಸೃಷ್ಟಿಯಾದವು, ಎಷ್ಟರಲ್ಲಿ ದೋಷವಿದೆ ಎಂದು ಮರಳಿ ತಿಳಿಸುತ್ತದೆ. ಲೆಡ್ಜರ್ (ಖಾತೆ) ಹೆಸರು ಅಲ್ಲಿ ಇಲ್ಲದಿದ್ದರೆ ಸ್ಪಷ್ಟವಾಗಿ ನಿರಾಕರಿಸುತ್ತದೆ; ಈ ಬಿಗುವು ನನಗೆ ಇಷ್ಟ. ನಡುವೆ ನೆಟ್‌ವರ್ಕ್ ಕಡಿದು ಒಮ್ಮೆ ಒಂದೇ ವೋಚರ್ ಎರಡು ಸಲ ಹೋಗಿತ್ತು. ಆದ್ದರಿಂದ ಯಾವ ಚೀಟಿಗೆ ಯಾವ ಉತ್ತರ ಬಂತೆಂದು ಬರೆದಿಡುವ ಪ್ರತ್ಯೇಕ ಕೋಷ್ಟಕ ಮಾಡಿದ್ದೇನೆ; ಉತ್ತರ ದಾಖಲಾಗದ ಚೀಟಿ ತಾನಾಗಿ ಮತ್ತೆ ಹೋಗುವುದಿಲ್ಲ, ಗುಮಾಸ್ತರು ಟ್ಯಾಲಿಯಲ್ಲಿ ನೋಡಿ ಹೇಳಬೇಕು. ಮಾಹಿತಿ ಎರಡೂ ದಿಕ್ಕಿಗೆ ಹರಿಯಲಿ ಎಂಬ ಸಲಹೆಯನ್ನು ಒಪ್ಪಲಿಲ್ಲ. ಎರಡೂ ಕಡೆ ತಿದ್ದಬಹುದಾದರೆ ಯಾವುದು ನಿಜವೆಂದು ಸಂಜೆಗೆ ಯಾರೂ ಹೇಳಲಾರರು.

ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್‌ಗೆ ಇನ್ನೂ ಕೈಹಾಕಿಲ್ಲ. ಹೊಸ ಅಡಿಕೆ ಬರುವ ಮೊದಲು ಬ್ಯಾಕಪ್ ತೆಗೆದು, ಅದನ್ನು ಬೇರೊಂದು ಗಣಕದಲ್ಲಿ ಮರಳಿ ಎಬ್ಬಿಸಿ ನೋಡಬೇಕು. ಗುಮಾಸ್ತರು ಕಿರ್ದಿಯನ್ನು ಈಗಲೂ ಕೈಯಲ್ಲೇ ಬರೆಯುತ್ತಾರೆ, ಶನಿವಾರ ಸಂಜೆ ಎರಡನ್ನೂ ತಾಳೆ ನೋಡುತ್ತೇವೆ. ಕಳೆದ ವಾರ ಹಮಾಲಿಯಲ್ಲಿ 40 ರೂಪಾಯಿ ವ್ಯತ್ಯಾಸ ಬಂತು. ತಪ್ಪು ಕಿರ್ದಿಯದಲ್ಲ ಎಂದು ಅವರು ಹೇಳುತ್ತಿದ್ದಾರೆ, ನಾನು ಇನ್ನೂ ಹುಡುಕುತ್ತಿದ್ದೇನೆ.