ಪುಣೆಯ ಚಳಿ, ಮುಚ್ಚಿದ ಬಚ್ಚಲು

ಪುಣೆಯಲ್ಲಿ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಿವು. ದಯವಿಟ್ಟು ಬಚ್ಚಲಿನ ಕಿಟಕಿ ಮುಚ್ಚಿ ಗ್ಯಾಸ್ ಗೀಸರ್ ಹಚ್ಚಬೇಡಿ. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಊರಿನ ಹಂಡೆ ಒಲೆಯ ಹೊಗೆ ಕಣ್ಣುರಿಸಿ ಎಚ್ಚರಿಸುತ್ತಿತ್ತು; ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ತಕ್ಷಣ ಹೊರಗೆ ಬನ್ನಿ.

ಗೀಸರ್ ಬಾಲ್ಕನಿಯಲ್ಲಿದ್ದರೆ ಒಳ್ಳೆಯದು. ಒಳಗೇ ಇದ್ದರೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಆರಿಸಿ, ಚೆನ್ನಾಗಿ ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಉರಿ ನೀಲಿ ಇರಬೇಕು. ಹಳದಿಗೆ ತಿರುಗಿದರೆ ಬಳಸುವುದು ನಿಲ್ಲಿಸಿ, ಬರ್ನರ್ ಸರ್ವಿಸ್ ಮಾಡಿಸಿ.

ಮನೆಯಲ್ಲಿ ಬಿಪಿ ಇರುವ ಹಿರಿಯರಿದ್ದಾರಾ? ಚಳಿಗೆ ರಕ್ತನಾಳ ಬಿಗಿದು ಒತ್ತಡ ಏರುತ್ತದೆ. ನಸುಕಿನಲ್ಲಿ ಪರ್ವತಿ ಗುಡ್ಡ ಹತ್ತುವ ಅಭ್ಯಾಸವಿದ್ದರೆ, ಬಿಸಿಲೇರಿದ ಮೇಲೆ ಹೋಗಲಿ. ಒಂದೇ ಸಲಕ್ಕೆ ಕೇಳುವುದಿಲ್ಲ, ಆದರೂ ಹೇಳುತ್ತಿರಿ.