ಡಬ್ಬ ತುಂಬಿತ್ತು

ಈ ವಾರ ನಮ್ಮ ವಾರ್ಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳಿಗೆ ಸೂಜಿ ಚುಚ್ಚಿತು. ರೋಗಿಯ ರಕ್ತ ತೆಗೆದ ಮೇಲೆ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋದಾಗ ಅದು ಪಕ್ಕಕ್ಕೆ ಜಾರಿ, ಗ್ಲೌಸನ್ನು ದಾಟಿ ಎಡಗೈಯ ತೋರುಬೆರಳಿಗೆ ಇಳಿಯಿತು. ಗ್ಲೌಸಿನೊಳಗೆ ರಕ್ತ ಹರಡುವುದನ್ನು ನೋಡುತ್ತ ಅವಳು ಅಲ್ಲಾಡದೆ ನಿಂತಿದ್ದಳು. ಅಲ್ಲಿಗೆ ಬಂದ ಹಿರಿಯ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: “ಕ್ಯಾಪ್ ಹಾಕಬಾರದೆಂದು ಯಾರೂ ಹೇಳಿಕೊಟ್ಟಿಲ್ಲವೇನಮ್ಮ?”

“ಹೇಳಿಕೊಟ್ಟಿದ್ದಾರೆ ಸರ್. ಬಳಸಿದ ಸೂಜಿ ಹಾಕುವ ಡಬ್ಬ ತುಂಬಿತ್ತು.”

ಈ ಉತ್ತರ ಯಾರ ಕಿವಿಗೂ ಬೀಳಲಿಲ್ಲ. ನಾನು ಅವಳನ್ನು ನಲ್ಲಿಯ ಬಳಿಗೆ ಕರೆದೊಯ್ದು, ಬೆರಳನ್ನು ಹಿಂಡಲು ಬಿಡದೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಸುತ್ತಿದ್ದಾಗಲೂ ಹಿಂದಿನಿಂದ ಉಪದೇಶ ಕೇಳಿಸುತ್ತಲೇ ಇತ್ತು. ಆ ವೈದ್ಯರು ಕೆಟ್ಟವರಲ್ಲ. ಬೈದರೆ ಮಾತ್ರ ಕಲಿಯುತ್ತಾರೆಂದು ನಂಬಿದವರು, ಅಷ್ಟೇ. ಎಚ್‌ಐವಿ ತಡೆಯುವ ಔಷಧಿ ಶುರುಮಾಡಲು 72 ಗಂಟೆ ಇದೆಯೆಂದು ಅವರು ಸಮಾಧಾನವನ್ನೂ ಹೇಳಿದರು. ಆದರೆ 72 ಗಂಟೆಯೆಂಬುದು ಕೊನೆಯ ಗಡುವೇ ಹೊರತು ಬಿಡುವಲ್ಲ. ಬೇಕೆಂದಾದರೆ ಮೊದಲ ಮಾತ್ರೆ ಕೆಲವೇ ಗಂಟೆಗಳಲ್ಲಿ ಹೊಟ್ಟೆಗೆ ಹೋಗಬೇಕು, 28 ದಿನ ತಪ್ಪದೆ ಮುಂದುವರಿಯಬೇಕು.

ಎಲ್ಲರೂ ಹೆದರುವುದು ಎಚ್‌ಐವಿಗೆ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದರೆ ಅದು ತಗಲುವ ಸಾಧ್ಯತೆ ಸುಮಾರು ಶೇ. 0.3, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆಯಾದರೋ ಶೇ. 30ರವರೆಗೂ ಇರಬಹುದು. ಅವಳಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದ್ದವು, ಆದರೆ ಅದರಿಂದ ಪ್ರತಿಕಾಯ ಹುಟ್ಟಿದೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ. ಹೆಪಟೈಟಿಸ್ ಸಿಗೆ ಲಸಿಕೆಯೇ ಇಲ್ಲ, ಚುಚ್ಚಿದ ಮೇಲೆ ತಡೆಯುವ ಮಾತ್ರೆಯೂ ಇಲ್ಲ; ಮತ್ತೆ ಮತ್ತೆ ರಕ್ತ ಪರೀಕ್ಷಿಸುತ್ತ ಕಾಯಬೇಕು.

ಸೂಜಿ ಹಾಕುವ ಡಬ್ಬ ಮುಕ್ಕಾಲು ತುಂಬುತ್ತಲೇ ಬದಲಾಗಬೇಕು, ಸೂಜಿ ಬಳಸುವ ಜಾಗದಲ್ಲೇ ಕೈಗೆಟುಕುವಂತಿರಬೇಕು. ನಮ್ಮ ಡಬ್ಬದ ಬಾಯಿಂದ ಸಿರಿಂಜುಗಳು ಹೊರಗೆ ಚಾಚಿಕೊಂಡಿದ್ದವು. ಅದರೊಳಕ್ಕೆ ಇನ್ನೊಂದನ್ನು ತುರುಕುವುದಕ್ಕಿಂತ ಕ್ಯಾಪ್ ಹಾಕುವುದೇ ಸುರಕ್ಷಿತವೆಂದು ಆ ಹುಡುಗಿಗೆ ತೋರಿದ್ದರಲ್ಲಿ ಆಶ್ಚರ್ಯವೇನಿದೆ? ಹೀಗೆ ಕಾರಣ ಹೇಳಿದವರಿಗೆ ಬೈಗುಳವೇ ಸಿಗುವುದಾದರೆ, ಮುಂದೆ ಚುಚ್ಚಿಸಿಕೊಂಡವರು ಗ್ಲೌಸ್ ಬದಲಿಸಿ ಸುಮ್ಮನಾಗುತ್ತಾರೆ. ಔಷಧಿಗಿರುವ ಗಂಟೆಗಳು ಆ ಮೌನದಲ್ಲೇ ಕಳೆದುಹೋಗುತ್ತವೆ.

ವರದಿಯ ನಮೂನೆಯಲ್ಲಿ ಕಾರಣದ ಮುಂದೆ “ಅಜಾಗರೂಕತೆ” ಎಂದು ಬರೆದು ನನ್ನ ಸಹಿಗೆ ತಂದರು. ಡಬ್ಬದ ವಿಷಯ ಸೇರಿಸಿ ಎಂದೆ. ಅದಕ್ಕೆ ಕಾಲಂ ಇಲ್ಲ ಸಿಸ್ಟರ್ ಎಂದರು. ಅಂಚಿನಲ್ಲಿ ಬರೆದು, ಅದರ ಕೆಳಗೆ ಸಹಿ ಹಾಕಿದೆ.