ಸ್ಕೀ ಚೀಲದ ಕೆಲಸ: ಬೀಗದ ಸರದಿ ಕೊನೆಗೆ

ಬೆಂಗಳೂರಿನಲ್ಲಿ ಕುಳಿತು ಸ್ವಂತ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಹಲಗೆ, ಇಟ್ಟುಕೊಳ್ಳುವುದು ಅರ್ಧ ಹುಚ್ಚುತನ ಎಂಬುದನ್ನು ಒಪ್ಪಿಕೊಂಡೇ ಶುರುಮಾಡುತ್ತೇನೆ. ವರ್ಷದ ಬಹುಪಾಲು ಅದು ಬೀರುವಿನ ಹಿಂದೆ ಗೋಡೆಗೊರಗಿ ನಿಂತಿರುತ್ತದೆ. ಹಿಮ ಬಿದ್ದ ಮೇಲೆ ದೆಹಲಿಗೆ, ಅಲ್ಲಿಂದ ಶ್ರೀನಗರಕ್ಕೆ, ಆಮೇಲೆ ಟ್ಯಾಕ್ಸಿಯ ಮೇಲೆ ಕಟ್ಟಿಸಿಕೊಂಡು ತಂಗ್‌ಮಾರ್ಗ್ ದಾಟಿ ಗುಲ್ಮಾರ್ಗ್‌ಗೆ. ಈ ದಾರಿಯಲ್ಲಿ ಅದಕ್ಕೆ ಅಲ್ಲಿನ ಅಫರ್ವಟ್ ಬೆಟ್ಟದ ಬಂಡೆಗಳಿಗಿಂತ ವಿಮಾನ ನಿಲ್ದಾಣದ ಸಿಮೆಂಟು ನೆಲವೇ ಹೆಚ್ಚು ಪೆಟ್ಟು ಕೊಟ್ಟಿದೆ. ಕಳೆದ ಸಲ ಅಂಗಡಿಯ ತೆಳು ಚೀಲದಲ್ಲಿ ಮನೆಗೆ ಬಂದಾಗ ಹಿಂತುದಿಯ ಬಟ್ಟೆ ತೂತಾಗಿ, ಒಂದು ಸ್ಕೀಯ ಉಕ್ಕಿನ ಅಂಚು ಹೊರಗೆ ಇಣುಕುತ್ತಿತ್ತು. ಒಳಗಿನ ಕೈಗವಸು, ಕನ್ನಡಕ, ಬಟ್ಟೆ ಎಲ್ಲವೂ ಇಟ್ಟಲ್ಲೇ ಇದ್ದವು.

ವಿಷಯ ಹೇಳಿದಾಗ ಎಲ್ಲರೂ ಮೊದಲು ಕೇಳಿದ್ದು ‘ಬೀಗ ಹಾಕಿದ್ದೆಯಾ?’ ಎಂದು. ಸ್ಕೀಯನ್ನು ಕದಿಯುವವನಿಗೆ ಅದನ್ನು ಮಾರಲು ಗಿರಾಕಿ ಎಲ್ಲಿ ಸಿಗಬೇಕು? ಸ್ಕೀಗೆ ಕಾಟ ಕೊಡುವುದು ಚೀಲದೊಳಗಿನ ಅಲುಗಾಟ, ನೆಲಕ್ಕೆ ಉಜ್ಜುವ ತುದಿ ಮತ್ತು ತಪಾಸಣೆಯವರು ತೆರೆದು ಅರೆಬರೆ ಮುಚ್ಚಿದ ಝಿಪ್ಪು. ಆದ್ದರಿಂದ ಈ ಸಲದ ಚೀಲವನ್ನು ನಾನೇ ಮಾಡಿಸುವುದು, ಆ ಮೂರನ್ನು ನೋಡಿಕೊಂಡ ಮೇಲೆ ಬೀಗದ ಮಾತು ಎಂದು ತೀರ್ಮಾನಿಸಿದೆ.

ಅಕ್ಟೋಬರ್

ಮೊದಲು ತೂಕ. ನನ್ನ ಸ್ಕೀ 178 ಸೆಂ.ಮೀ. ಉದ್ದ, ನಡುವಿನಲ್ಲಿ 100 ಮಿ.ಮೀ. ಅಗಲ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಸೇರಿ ಜೋಡಿಗೆ ಆರೂವರೆ ಕಿಲೋ, ಕೋಲುಗಳು ಅರ್ಧ ಕಿಲೋ. ದೇಶದೊಳಗಿನ ಸಾಧಾರಣ ಟಿಕೆಟ್ಟಿಗೆ ಸಿಗುವುದು ಹೆಚ್ಚಾಗಿ 15 ಕಿಲೋ. ಚೀಲವೇ ಐದು ಕಿಲೋ ತೂಗಿದರೆ ಬಟ್ಟೆಬರೆಗೆ ಉಳಿಯುವುದು ಮೂರೇ ಕಿಲೋ. ಖಾಲಿ ಚೀಲ ಮೂರು ಕಿಲೋ ಮೀರಬಾರದೆಂದು ಗೆರೆ ಎಳೆದೆ. ಗಾಲಿಯ ಆಸೆ ಅಲ್ಲಿಗೇ ಮುಗಿಯಿತು. ಗಾಲಿ ಎಂದರೆ ಅದನ್ನು ಹಿಡಿಯಲು ಗಟ್ಟಿ ತಳ, ತಳ ಎಂದರೆ ಇನ್ನೊಂದು ಕಿಲೋ.

ಬೂಟು ಈ ಲೆಕ್ಕದಲ್ಲಿ ಇಲ್ಲ. ನಾಲ್ಕು ಕಿಲೋ ತೂಗಿದರೂ ಅದು ನನ್ನ ಜೊತೆ ಕೈಚೀಲದಲ್ಲೇ ಬರುತ್ತದೆ. ಸ್ಕೀ ತಡವಾಗಿ ಬಂದರೆ ಗುಲ್ಮಾರ್ಗ್‌ನ ಬಾಡಿಗೆ ಅಂಗಡಿಯಲ್ಲಿ ಬೇರೆ ಜೋಡಿ ಸಿಕ್ಕೀತು. ಕಾಲಿನ ಅಚ್ಚಿಗೆ ಒಗ್ಗಿದ ಬೂಟು ಬಾಡಿಗೆಗೆ ಸಿಗುವುದಿಲ್ಲ, ಒಗ್ಗದ ಬೂಟಿನಲ್ಲಿ ಒಂದು ದಿನ ಇಳಿದವರಿಗೆ ಅದರ ಹಿಂಸೆ ಏನೆಂದು ಹೇಳಬೇಕಾಗಿಲ್ಲ. ಆದರೂ ಚೀಲದಲ್ಲಿ ಬೂಟು ಹಿಡಿಯುವಷ್ಟು ಜಾಗ ಬಿಡಿಸಿದ್ದೇನೆ. ಶ್ರೀನಗರದಲ್ಲಿ ಭದ್ರತೆ ಬಿಗಿಯಾದ ದಿನಗಳಲ್ಲಿ ಕೈಚೀಲಕ್ಕೇ ಕತ್ತರಿ ಬೀಳುವುದುಂಟು.

ಒಳಗಿನ ಮೆತ್ತೆಗೆ ಸ್ಪಂಜು ಬೇಡವೆಂದು ಮೊದಲೇ ತಿಳಿದಿತ್ತು. ಸ್ಪಂಜು ನೀರು ಕುಡಿಯುತ್ತದೆ, ಹಿಮ ಕರಗಿದ ನೀರು ಸ್ಕೀಯ ಉಕ್ಕಿನ ಅಂಚಿಗೆ ತುಕ್ಕು ಹಿಡಿಸುತ್ತದೆ. ಮಕ್ಕಳ ಕೋಣೆಯ ನೆಲಕ್ಕೆ ಹಾಸುವ, ಒಂದಕ್ಕೊಂದು ಸಿಕ್ಕಿಸುವ ಈವಿಎ ಫೋಮಿನ ಚೌಕಗಳಿವೆಯಲ್ಲ, ಅವನ್ನೇ ತಂದೆ. ನೀರು ಹೀರುವುದಿಲ್ಲ, ಚಾಕುವಿನಿಂದ ಕತ್ತರಿಸಬಹುದು, ಅಗ್ಗ. ಬಣ್ಣ ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ನವೆಂಬರ್

1680 ಡೆನಿಯರ್ ಪಾಲಿಯೆಸ್ಟರ್, ಅಂದರೆ ಸೂಟ್‌ಕೇಸು, ಲಗೇಜು ಚೀಲಗಳಿಗೆ ಬಳಸುವ ಒರಟು ಬಟ್ಟೆಯನ್ನು ಕೊಂಡು ಜೆ.ಸಿ. ರಸ್ತೆಗೆ ಹೋದೆ. ಕಾರಿನ ಸೀಟು ಹೊಲಿಯುವವರ ಯಂತ್ರ ಮಾತ್ರ ಈ ದಪ್ಪವನ್ನು ನುಂಗುತ್ತದೆ. ನಾನು ಬಿಡಿಸಿಕೊಂಡು ಹೋಗಿದ್ದ ನಕ್ಷೆಯನ್ನು ಅಂಗಡಿಯವರು ತಿರುಗಿಸಿ ತಿರುಗಿಸಿ ನೋಡಿದರು.

‘ಇದು ಯಾವ ಗಾಡಿಯ ಸೀಟು ಸರ್?’

‘ಸೀಟಲ್ಲ ಭಾಯ್, ಸ್ಕೀ ಒಯ್ಯುವ ಚೀಲ. ಹಿಮದ ಮೇಲೆ ಜಾರುವ ಹಲಗೆ.’

‘ಆರಡಿಗಿಂತ ಉದ್ದ ಇದೆ. ಇದನ್ನು ಒಬ್ಬನೇ ಹೇಗೆ ಎತ್ತುತ್ತಾನೆ? ಎಳೆದುಕೊಂಡೇ ಹೋಗುತ್ತಾನೆ ನೋಡಿ.’

ಅಷ್ಟು ಹೊತ್ತು ನಾನು ಪೆಟ್ಟು ತಡೆಯುವುದನ್ನಷ್ಟೇ ಯೋಚಿಸುತ್ತಿದ್ದೆ. ಎತ್ತಲು ಸುಲಭವಾದರೆ ಪೆಟ್ಟೇ ಕಡಿಮೆ ಎಂಬುದು ಅವರ ಮಾತಿನಿಂದ ಹೊಳೆಯಿತು. ನಿಲ್ದಾಣದ ಕೆಲಸಗಾರ ದಿನವಿಡೀ ಚೀಲ ಎತ್ತುವವನು. ಉದ್ದನೆಯ ಚೀಲಕ್ಕೆ ಹಿಡಿಕೆ ಒಂದು ಕೊನೆಯಲ್ಲಿದ್ದರೆ ಅವನು ಅದನ್ನೇ ಹಿಡಿದು ಇನ್ನೊಂದು ಕೊನೆಯನ್ನು ನೆಲದ ಮೇಲೆ ಎಳೆಯುತ್ತಾನೆ. ಅವನ ಜಾಗದಲ್ಲಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ಹೀಗಾಗಿ ಮುಖ್ಯ ಹಿಡಿಕೆಯನ್ನು ತೂಕ ಸಮನಾಗುವ ಜಾಗಕ್ಕೇ ಹೊಲಿಸಿದೆವು. ಸ್ಕೀಯನ್ನು ಕಟ್ಟಿ ಒಂದು ಬೆರಳಿನ ಮೇಲೆ ತೂಗಿ ನೋಡಿದರೆ ಆ ಜಾಗ ತಿಳಿಯುತ್ತದೆ. ಪಟ್ಟಿಯನ್ನು ಚೀಲದ ಸುತ್ತ ಒಂದು ಸುತ್ತು ಹಾಯಿಸಿ ಹೊಲಿದಿದ್ದಾರೆ, ಬಟ್ಟೆಯ ಮೇಲೆ ಭಾರ ಬೀಳುವುದಿಲ್ಲ.

ಹಿಂತುದಿಗೆ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯ ತುಂಡು. ಅದು ಎಚ್‌ಡಿಪಿಇ, ಸಿಮೆಂಟಿನ ಮೇಲೆ ಜಾರುತ್ತದೆ, ಸವೆಯುವುದು ನಿಧಾನ. ಭಾಯ್ ಅದಕ್ಕೆ ತೂತು ಹೊಡೆದು ವಾಷರ್ ಇಟ್ಟು ರಿವೆಟ್ ಜಡಿದರು. ಒಳಮೈಯಲ್ಲಿ ರಿವೆಟ್ಟಿನ ತಲೆ ಸ್ಕೀಗೆ ತಾಗದಂತೆ ಎರಡು ಪದರ ಫೋಮ್ ಅಂಟಿಸಿದ್ದೇನೆ.

ಇನ್ನು ಒಳಗಟ್ಟು. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಭಾಗ ಇದೇ. ಎರಡು ಸ್ಕೀಗಳನ್ನು ತಳಕ್ಕೆ ತಳ ಕೂಡಿಸಿ ಹಿಡಿದರೆ ಕಳಚಿದ ಸ್ಕೀ ಜಾರಿಹೋಗದಂತೆ ತಡೆಯುವ ಎರಡರ ಬ್ರೇಕುಗಳೂ ಒಂದರೊಳಗೊಂದು ಸಿಕ್ಕಿಕೊಂಡು ಜೋಡಿ ನಿಲ್ಲುತ್ತದೆ. ಆದರೆ ಮೆದು ಹಿಮಕ್ಕೆಂದು ಮಾಡಿದ ಸ್ಕೀಯ ಮೂತಿ ಮೇಲಕ್ಕೆ ಬಾಗಿರುತ್ತದೆ. ಹಾಗಾಗಿ ಜೋಡಿಸಿದಾಗ ಮುಂದಿನ ಎರಡು ಮೂತಿಗಳೂ ಕೊಕ್ಕು ತೆರೆದ ಹಾಗೆ ಬೇರೆಯಾಗಿ ನಿಲ್ಲುತ್ತವೆ. ಆ ಸಂದನ್ನು ಪಟ್ಟಿಯಿಂದ ಎಳೆದು ಬಿಗಿದರೆ ಸ್ಕೀ ದಿನಗಟ್ಟಲೆ ಬಲವಂತದಲ್ಲಿ ಬಾಗಿರಬೇಕು. ಬಿಗಿಯದೆ ಬಿಟ್ಟರೆ ಮೇಲೆ ಬಿದ್ದ ಸೂಟ್‌ಕೇಸಿನ ಭಾರವೆಲ್ಲ ಒಂದೇ ಮೂತಿಯ ಮೇಲೆ. ನಾನು ಫೋಮನ್ನು ಆ ಸಂದಿನ ಆಕಾರಕ್ಕೆ ಬೆಣೆಯಂತೆ ಕೆತ್ತಿ ನಡುವೆ ತುರುಕಿದೆ. ಈಗ ಮೇಲಿನದನ್ನು ಒತ್ತಿದರೆ ಕೆಳಗಿನದೂ ಭಾರ ಹೊರುತ್ತದೆ. ತಳಗಳು ಒಂದಕ್ಕೊಂದು ತಾಗುವ ಕಡೆ ಹಳೆಯ ಕಂಬಳಿಯ ಪಟ್ಟಿ ಇಟ್ಟಿದ್ದೇನೆ, ಒಂದರ ಅಂಚು ಇನ್ನೊಂದರ ತಳವನ್ನು ಗೀರದಿರಲಿ ಎಂದು. ಆಮೇಲೆ ಚೀಲದ ಬೆನ್ನಿಗೇ ಹೊಲಿದ ಮೂರು ಪಟ್ಟಿಗಳಿಂದ ಇಡೀ ಕಟ್ಟನ್ನು ಬಿಗಿದರೆ ಆಯಿತು. ಬಟ್ಟೆಬರೆಯೆಲ್ಲ ಬೈಂಡಿಂಗಿನ ಹಿಂದೆ ಮುಂದೆ ಇರುವ ತಗ್ಗುಗಳಿಗೆ.

ಪರೀಕ್ಷೆಗೆ ಸ್ಕೀಯ ಬದಲು ಅದೇ ಉದ್ದದ ಮರದ ರೀಪುಗಳನ್ನು ಹಾಕಿ, ತೂಕಕ್ಕೆ ಇಟ್ಟಿಗೆ ಕಟ್ಟಿದೆ. ತುದಿಗಳಿಗೆ ಸೀಮೆಸುಣ್ಣ ಬಳಿದು, ಸೊಂಟದೆತ್ತರದಿಂದ ಒಮ್ಮೆ ತಲೆ ಕೆಳಗಾಗಿ, ಒಮ್ಮೆ ಅಡ್ಡಡ್ಡ ಬೀಳಿಸಿದೆ. ರೀಪು ಎಷ್ಟು ಸರಿದಿದೆ ಎಂಬುದನ್ನು ಫೋಮಿನ ಮೇಲಿನ ಬಿಳಿ ಗೆರೆ ಹೇಳುತ್ತದೆ. ತಲೆ ಕೆಳಗಾದಾಗ ನಡುಪಟ್ಟಿ ಒಂದೆರಡು ಬೆರಳು ಜಾರಿತ್ತು. ಪಟ್ಟಿಯ ಒಳಮೈಗೆ ರಬ್ಬರ್ ಹಾಳೆ ಅಂಟಿಸಿದ ಮೇಲೆ ಗೆರೆ ಒಂದೇ ಚುಕ್ಕೆಯಾಯಿತು. ಸದ್ದು ಕೇಳಿ ಬಂದ ಪಕ್ಕದ ಮನೆಯ ಆಂಟಿ, ‘ಸಂಕ್ರಾಂತಿ ಇನ್ನೂ ದೂರ ಇದೆಯಲ್ಲಪ್ಪಾ, ಈಗಲೇ ಕಬ್ಬು ತಂದಿದ್ದೀಯಾ?’ ಎಂದರು.

ಡಿಸೆಂಬರ್

ಝಿಪ್ಪಿನ ಕತೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸುರುಳಿಯ ನೈಲಾನ್ ಝಿಪ್ಪಿಗೆ ಬೀಗ ಹಾಕಿದರೂ ಅದು ಅರ್ಧ ಬೀಗ. ಮುಚ್ಚಿದ ಹಲ್ಲುಗಳ ನಡುವೆ ಬಾಲ್‌ಪೆನ್ನಿನ ಮೊನೆ ಚುಚ್ಚಿದರೆ ಝಿಪ್ಪು ಬಾಯಿ ಬಿಡುತ್ತದೆ. ಕೈ ಹಾಕಿ ಕೆಲಸ ಮುಗಿಸಿ, ಬೀಗ ಹಾಕಿದ ಎರಡು ರನ್ನರುಗಳನ್ನೂ ಒಟ್ಟಿಗೆ ಒಮ್ಮೆ ಆ ಕಡೆ ಈ ಕಡೆ ಎಳೆದರೆ ತೆರೆದ ಹಲ್ಲು ಮತ್ತೆ ಕೂಡಿಕೊಳ್ಳುತ್ತದೆ, ಗುರುತೇ ಉಳಿಯುವುದಿಲ್ಲ. ಹಳೆಯ ಚೀಲದ ಮೇಲೆ ಮನೆಯವರ ಮುಂದೆ ಮಾಡಿ ತೋರಿಸಿದೆ. ಬೀಗ ಹಾಕಿದ್ದೆಯಾ ಎಂಬ ಪ್ರಶ್ನೆ ಆಮೇಲೆ ಬಂದಿಲ್ಲ.

ಹೊಸ ಚೀಲಕ್ಕೆ ಬಿಡಿಬಿಡಿ ಹಲ್ಲುಗಳ 10ನೇ ನಂಬರಿನ ಪ್ಲಾಸ್ಟಿಕ್ ಝಿಪ್ಪು. ಪೆನ್ನಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಜೊತೆಗೆ ಝಿಪ್ಪಿನ ಕೊನೆಯಲ್ಲಿ ಚೀಲಕ್ಕೇ ಹೊಲಿದ ಲೋಹದ ಡಿ-ರಿಂಗ್ ಇದೆ. ಬೀಗದ ಕೊಂಡಿ ರನ್ನರುಗಳ ಜೊತೆ ಆ ರಿಂಗಿನೊಳಗೂ ಹಾಯುತ್ತದೆ, ರನ್ನರು ಅಲ್ಲಾಡುವಂತಿಲ್ಲ. ಯಾರಾದರೂ ನಡುವೆ ಚುಚ್ಚಿ ತೆರೆದರೆ ಮತ್ತೆ ಮುಚ್ಚಲಾಗದೆ ಹಾಗೆಯೇ ಬಾಯಿ ತೆರೆದಿರುತ್ತದೆ. ಕಳ್ಳನನ್ನು ಅದು ತಡೆಯದಿದ್ದರೂ ಕಳುವಾಗಿದೆ ಎಂಬುದು ಬೆಲ್ಟಿನ ಬಳಿಯೇ ಗೊತ್ತಾಗುತ್ತದೆ. ದೂರು ಕೊಡಲು ಹೊರಬಾಗಿಲು ದಾಟುವ ಮುಂಚಿನ ಆ ಹತ್ತು ನಿಮಿಷವೇ ಮುಖ್ಯ.

ಈಗ ಬೀಗ. ಕೆಂಪು ವಜ್ರದ ಗುರುತಿನ ಟಿಎಸ್‌ಎ ಬೀಗಗಳು 2003ರಲ್ಲಿ ಬಂದವು. ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತೆ ನೋಡಿಕೊಳ್ಳುವ ಟಿಎಸ್‌ಎ ಸಂಸ್ಥೆಯ ಸಿಬ್ಬಂದಿ ತಮ್ಮ ಕೀಲಿಯಿಂದ ತೆರೆದು ಮುಚ್ಚಲೆಂದು ಮಾಡಿದ ಏರ್ಪಾಡು ಅದು. ಆ ಕೀಲಿಗಳ ಫೋಟೋ 2014ರಲ್ಲಿ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಅಚ್ಚಾಯಿತು. ಮರುವರ್ಷ ಜನ 3ಡಿ ಪ್ರಿಂಟರಿನಲ್ಲಿ ಅವುಗಳ ನಕಲು ತೆಗೆದರು. ಹಾಗಿದ್ದರೂ ನಾನು ಕೊಂಡಿದ್ದು ಅದನ್ನೇ, ನಂಬರ್ ತಿರುಗಿಸುವ ಸಣ್ಣ ಬೀಗ. ನಮ್ಮಲ್ಲಿ ಚೀಲ ತೆರೆಯಬೇಕಾದರೆ ಸಾಮಾನ್ಯವಾಗಿ ಯಜಮಾನನನ್ನೇ ಕರೆಯುತ್ತಾರೆ; ಚಳಿಗೆ ಮರಗಟ್ಟಿದ ಕೈಯಲ್ಲಿ ಕೀಲಿ ಹುಡುಕುವ ಬದಲು ನಂಬರ್ ತಿರುಗಿಸುವುದು ಮೇಲು. ಝಿಪ್ಪು ದಾರಿಯಲ್ಲಿ ತಾನಾಗಿ ತೆರೆಯದಿದ್ದರೆ ನನ್ನ ಪಾಲಿಗೆ ಬೀಗ ತನ್ನ ಕೆಲಸ ಮಾಡಿದ ಹಾಗೆ.

ಮುಚ್ಚಳದ ಒಳಮೈಗೆ ಪ್ಲಾಸ್ಟಿಕ್ ಹೊದಿಸಿದ ಕಾಗದ ಅಂಟಿಸಿದ್ದೇನೆ. ಕಟ್ಟಿಟ್ಟ ಸ್ಕೀಯ ಫೋಟೋ, ಮೂರು ಪಟ್ಟಿಗಳ ಮೇಲೆ 1, 2, 3 ಎಂಬ ಅಂಕಿ, ಕೆಳಗೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ‘ದಯವಿಟ್ಟು ಮೂರೂ ಪಟ್ಟಿ ಬಿಗಿಯಿರಿ’ ಎಂಬ ಒಂದು ಸಾಲು, ನನ್ನ ಫೋನ್ ನಂಬರು. ಹೊರಗಿನ ಹೆಸರಿನ ಚೀಟಿ ಹರಿದುಹೋದರೂ ಇದು ಉಳಿಯುತ್ತದೆ. ಚೀಲ ಎಲ್ಲಿದೆ ಎಂದು ಫೋನಿಗೆ ತಿಳಿಸುವ ಏರ್‌ಟ್ಯಾಗಿಗೆ ಫೋಮಿನ ಹೊರಗಡೆ ಬಟ್ಟೆಗೆ ತಾಗಿದಂತೆ ಒಂದು ಕಿಸೆ. ಎಷ್ಟೋ ಸ್ಕೀಗಳ ಒಳಗೆ ಅಲ್ಯುಮಿನಿಯಂ ಮಿಶ್ರಲೋಹದ ಹಾಳೆಗಳಿರುತ್ತವೆ, ಅವುಗಳ ನಡುವೆ ಸಿಕ್ಕಿಸಿದರೆ ಸಂಕೇತ ಹೊರಗೆ ಬರುವುದು ಕಷ್ಟ. ಪವರ್ ಬ್ಯಾಂಕ್ ಮತ್ತು ಬಿಸಿ ಕಾಲುಚೀಲದ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲಕ್ಕೆ ಹೋಗಬೇಕು, ಅದು ನಿಯಮ. ಹಿಮ ಅಗೆಯುವ ಸಲಿಕೆ ಮತ್ತು ಕೋಲು ಸ್ಕೀ ಚೀಲದಲ್ಲೇ, ವಿಮಾನದ ಹೊಟ್ಟೆಗೆ.

ಜನವರಿ

ಹೋಗುವಾಗ ಹೇಳುವಂಥದ್ದೇನೂ ನಡೆಯಲಿಲ್ಲ. ಹಳೆಯ ಪ್ರಯಾಣದ ಬಾರ್‌ಕೋಡ್ ಚೀಟಿಗಳನ್ನು ಕಿತ್ತೆಸೆದು, ನೇತಾಡುವ ಪಟ್ಟಿಗಳನ್ನೆಲ್ಲ ಒಳಗೆ ಸಿಕ್ಕಿಸಿ, ಉದ್ದದ ಸಾಮಾನಿಗೆಂದೇ ಇರುವ ಬೆಲ್ಟಿಗೆ ಕೊಟ್ಟೆ. ಕೊಡುವ ಮುಂಚೆ ನಾಲ್ಕೂ ಬದಿಯ ಫೋಟೋ ತೆಗೆದುಕೊಂಡೆ. ದೇಶದೊಳಗಿನ ಪ್ರಯಾಣದಲ್ಲಿ ಸಾಮಾನು ಹಾಳಾದರೆ ಪರಿಹಾರದ ಮಿತಿ 20,000 ರೂಪಾಯಿ, ಒಂದು ಒಳ್ಳೆಯ ಬೈಂಡಿಂಗಿಗೂ ಸಾಲದು. ವಿದೇಶಕ್ಕೆ ಹೋಗುವವರಿಗೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹೆಚ್ಚು ಸಿಗುತ್ತದೆ, ಆದರೆ ಹಾನಿಯ ದೂರನ್ನು 7 ದಿನದೊಳಗೆ ಬರೆದುಕೊಡಬೇಕು. ಎಲ್ಲಿಯಾದರೂ ಸರಿ, ಫೋಟೋ ಇಲ್ಲದಿದ್ದರೆ ಮೊದಲೇ ಹರಿದಿತ್ತು ಎನ್ನುತ್ತಾರೆ.

ನಿಜವಾದ ಪರೀಕ್ಷೆ ಶ್ರೀನಗರದಿಂದ ಹೊರಡುವಾಗ. ನಿಲ್ದಾಣದ ಕಟ್ಟಡ ಇನ್ನೂ ದೂರವಿರುವಾಗಲೇ ಗೇಟಿನಲ್ಲಿ ಗಾಡಿಯಿಂದ ಎಲ್ಲ ಸಾಮಾನು ಇಳಿಸಿ ಎಕ್ಸ್-ರೇಗೆ ಹಾಕಬೇಕು, ಮತ್ತೆ ಹೇರಬೇಕು, ಟರ್ಮಿನಲ್ಲಿನಲ್ಲಿ ಮತ್ತೊಮ್ಮೆ. ಅಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿಸುವುದಕ್ಕೆ ನಾನಂತೂ ದುಡ್ಡು ಕೊಡುವುದಿಲ್ಲ, ತೆರೆಯಿರಿ ಎಂದರೆ ಮುಗಿಯಿತು. ನನ್ನದನ್ನೂ ತೆರೆಸಿದರು. ಬೈಂಡಿಂಗಿನ ಲೋಹದ ಮೇಲೆ ಸಲಿಕೆ ಕೂತು ಎಕ್ಸ್-ರೇ ಪರದೆಯ ಮೇಲೆ ಒಂದೇ ಕಪ್ಪು ಮುದ್ದೆಯಾಗಿ ಕಂಡಿತ್ತು. ಸಿಬ್ಬಂದಿಯೊಬ್ಬರು ಸಲಿಕೆ ಹೊರತೆಗೆದು ನೋಡಿ, ಮುಚ್ಚಳದ ಫೋಟೋ ನೋಡಿ, ನಾನು ಕೈ ಹಾಕುವ ಮೊದಲೇ ಮೂರೂ ಪಟ್ಟಿ ತಾವೇ ಬಿಗಿದುಕೊಟ್ಟರು. ಆ ಕಾಗದಕ್ಕೆ ಖರ್ಚಾದದ್ದು ಲ್ಯಾಮಿನೇಷನ್ನಿನ ಪುಡಿಗಾಸು.

ಬೆಂಗಳೂರಿನಲ್ಲಿ ಬಿಚ್ಚಿದಾಗ ಬೆಣೆ ಇಟ್ಟಲ್ಲೇ ಇತ್ತು. ಮಣೆಯ ತುಂಡಿನ ಮೇಲೆ ಉಗುರು ತಾಗುವಷ್ಟು ಆಳದ ಗೀರುಗಳಿವೆ, ಬಟ್ಟೆಗೆ ಏನೂ ಆಗಿಲ್ಲ. ರಿವೆಟ್ಟಿನ ತಲೆಯೊಂದು ಸವೆದು ಹೊಳೆಯುತ್ತಿದೆ, ಮುಂದಿನ ಸಲ ಅದನ್ನು ಮಣೆಯೊಳಗೆ ತಗ್ಗು ಕೊರೆದು ಕೂರಿಸಬೇಕು. ಅಂಚುಗಳನ್ನು ಒರೆಸಿ, ಚೀಲವನ್ನು ಬಾಯಿ ತೆರೆದು ಬಿಸಿಲಿಗೆ ಹಾಕಿದ್ದೇನೆ. ಸಲಿಕೆಗೆ ಬೈಂಡಿಂಗಿನಿಂದ ದೂರ, ಮೂತಿಯ ಕಡೆ ಒಂದು ಪ್ರತ್ಯೇಕ ಕಿಸೆ ಬೇಕು. ಹಿಂತುದಿಗೂ ಒಂದು ಹಿಡಿಕೆ ಬೇಕು, ಇಬ್ಬರು ಸೇರಿ ಎತ್ತುವಾಗ ಎರಡನೆಯವನಿಗೆ ಹಿಡಿಯಲು ಏನೂ ಇರಲಿಲ್ಲ. ಎರಡೂ ಯಂತ್ರದ ಕೆಲಸ. ಫೋನ್ ಮಾಡಿದೆ, ರಂಜಾನ್ ಮುಗಿದ ಮೇಲೆ ತನ್ನಿ ಎಂದಿದ್ದಾರೆ ಭಾಯ್.